ಪೆನ್ಸಿಲ್ ಗೆರೆಯ ಮೇಲೆ ವಿದ್ಯುತ್ತಿನ ನಡಿಗೆ

ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕಡಿಮೆ ಮರ್ಯಾದೆ ಇರುವುದು ಪೆನ್ಸಿಲಿಗೆ. ಕಳೆದರೆ ಯಾರೂ ಹುಡುಕುವುದಿಲ್ಲ, ಮೋಟಾದರೆ ಎಸೆದುಬಿಡುತ್ತಾರೆ. ಪೆನ್ನು ಹಿಡಿಯುವ ತರಗತಿಗೆ ಬಂದ ಮೇಲಂತೂ ಅದರ ಕೆಲಸ ಚಿತ್ರ ಬಿಡಿಸುವುದಕ್ಕೆ, ಅಂಚಿನ ಗೆರೆ ಎಳೆಯುವುದಕ್ಕೆ ಮಾತ್ರ. ಆದರೆ ಇದೇ ಪೆನ್ಸಿಲಿನಿಂದ ಕಾಗದದ ಮೇಲೆ ಒತ್ತಿ ಎಳೆದ ದಪ್ಪ ಗೆರೆಯೊಂದು ತಂತಿಯ ಕೆಲಸ ಮಾಡಬಲ್ಲದು, ಪುಟ್ಟ ದೀಪವೊಂದನ್ನು ಬೆಳಗಿಸಬಲ್ಲದು ಎಂದರೆ ನಂಬುತ್ತೀರಾ? ಅದೇ ಗೆರೆಯಿಂದ ರೋಧಕ, ಧಾರಕ, ಕೊನೆಗೆ ಟ್ರಾನ್ಸಿಸ್ಟರನ್ನೂ ಮಾಡಬಹುದು ಎಂಬುದನ್ನು ಬೆಂಗಳೂರಿನ ವಿಜ್ಞಾನಿಗಳು 2013ರಲ್ಲೇ ಜಗತ್ತಿನ ಮುಂದಿಟ್ಟಿದ್ದಾರೆ.

ಪುಂಜಾಲಕಟ್ಟೆಯಂಥ ಊರಿನ ಮಟ್ಟಿಗೆ ಇದು ಓದಿ ಮರೆಯುವ ಕುತೂಹಲದ ಸುದ್ದಿಯಲ್ಲ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಸಣ್ಣ ಪೇಟೆಯಲ್ಲಿ ಸರಕಾರಿ ಶಾಲೆಯಿಂದ ಪ್ರಥಮ ದರ್ಜೆ ಕಾಲೇಜಿನ ತನಕ ಓದಲು ಅವಕಾಶವಿದೆ. ಸುತ್ತಲಿನ ಹಳ್ಳಿಗಳ ಮಕ್ಕಳು ಅಡಿಕೆ ತೋಟ, ರಬ್ಬರು ಗುಡ್ಡೆಗಳನ್ನು ದಾಟಿ ಬರುತ್ತಾರೆ. ಬೀಡಿ ಕಟ್ಟಿದ ದುಡ್ಡಿನಲ್ಲಿ ಮಕ್ಕಳ ಪುಸ್ತಕ ಕೊಳ್ಳುವ ತಾಯಂದಿರು ಈ ಭಾಗದಲ್ಲಿ ಕಡಿಮೆಯೇನಲ್ಲ. ಅಂಥ ಮನೆಗಳಲ್ಲಿ 'ಎಲೆಕ್ಟ್ರಾನಿಕ್ಸ್' ಎಂಬ ಶಬ್ದ ಕೇಳಿದೊಡನೆ ಹೆತ್ತವರ ಮನಸ್ಸಿಗೆ ಬರುವುದು ಖರ್ಚಿನ ಲೆಕ್ಕ. ವಿಜ್ಞಾನ ವಸ್ತುಪ್ರದರ್ಶನ ಬಂತೆಂದರೆ ಪೇಟೆಯಲ್ಲಿ ಸಿದ್ಧ ಮಾದರಿ ಸಿಗುತ್ತದೆಯೇ ಎಂದು ವಿಚಾರಿಸುವ ಪರಿಪಾಠವೂ ಎಲ್ಲೆಡೆ ಬೆಳೆದಿದೆ. ಹಣವಿದ್ದವರ ಮಗು ಮಿನುಗುವ ದೀಪಗಳ ಪೆಟ್ಟಿಗೆಯೊಂದಿಗೆ ನಿಲ್ಲುತ್ತದೆ. ಇಲ್ಲದವರ ಮಗು ರಟ್ಟಿನ ಜ್ವಾಲಾಮುಖಿಯೊಂದಿಗೆ. ಇಬ್ಬರೂ ಕಲಿತದ್ದು ಎಷ್ಟು ಎಂದು ಕೇಳುವವರು ವಿರಳ.

ಹತ್ತು ಹದಿನೈದು ರೂಪಾಯಿಯ ಪೆನ್ಸಿಲ್ ಈ ಅಂತರವನ್ನು ಸ್ವಲ್ಪವಾದರೂ ಕಡಿಮೆ ಮಾಡೀತೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಪೆನ್ಸಿಲಿನ ಕಥೆ ನೋಡಬೇಕು.

ಜಕ್ಕೂರಿನ ಪ್ರಯೋಗಾಲಯದಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ 1989ರಲ್ಲಿ ಸ್ಥಾಪನೆಯಾದದ್ದು. ಭಾರತರತ್ನ ಸಿ.ಎನ್.ಆರ್. ರಾವ್ ಅವರು ಅದರ ಸ್ಥಾಪಕ ಅಧ್ಯಕ್ಷರು. ಅಲ್ಲಿನ ಪ್ರೊಫೆಸರ್ ಜಿ.ಯು. ಕುಲಕರ್ಣಿ ಹಾಗೂ ಸಂಶೋಧಕ ನರೇಂದ್ರ ಕುರ್ರಾ ಅವರು 2013ರಲ್ಲಿ ಬ್ರಿಟನ್ನಿನ ಒಂದು ಪ್ರತಿಷ್ಠಿತ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅದರ ಶೀರ್ಷಿಕೆಯ ಸಾರ: ಕಾಗದದ ಮೇಲೆ ಪೆನ್ಸಿಲ್, ವಿದ್ಯುನ್ಮಾನ ಸಾಧನಗಳು. ಅದೇ ವರ್ಷ ದೀಪಾನ್ವಿತಾ ದತ್ತಾ ಅವರೊಂದಿಗೆ ಸೇರಿ ಪ್ರಕಟಿಸಿದ ಇನ್ನೊಂದು ಪ್ರಬಂಧದಲ್ಲಿ ಪೆನ್ಸಿಲ್ ಗೆರೆಯಿಂದ ಟ್ರಾನ್ಸಿಸ್ಟರ್ ಮತ್ತು ಸೋಸು ಮಂಡಲಗಳನ್ನು ಮಾಡಿದ ವಿವರವಿತ್ತು. ಕುಲಕರ್ಣಿಯವರು ಮುಂದೆ ಅದೇ ಸಂಸ್ಥೆಯ ಅಧ್ಯಕ್ಷರೂ ಆದರು.

ಸೋಸು ಮಂಡಲ ಎಂದರೇನು? ರೇಡಿಯೋ ಅಥವಾ ದೂರವಾಣಿಯಲ್ಲಿ ಬರುವ ಸಂಕೇತಗಳಲ್ಲಿ ನಿಧಾನವಾಗಿ ಕಂಪಿಸುವವು ಇರುತ್ತವೆ, ವೇಗವಾಗಿ ಕಂಪಿಸುವವೂ ಇರುತ್ತವೆ. ಬೇಕಾದ್ದನ್ನು ಬಿಟ್ಟುಕೊಂಡು ಬೇಡವಾದ್ದನ್ನು ತಡೆಯಲು ಒಂದು ರೋಧಕ, ಒಂದು ಧಾರಕ ಜೋಡಿಸಿದರೆ ಸಾಕು. ರೋಧಕಕ್ಕೆ ಪೆನ್ಸಿಲ್ ಗೆರೆ ಇದೆ. ಧಾರಕಕ್ಕೆ? ಕಾಗದದ ಎರಡೂ ಬದಿಗೆ ಒಂದೇ ಜಾಗದಲ್ಲಿ ಪೆನ್ಸಿಲಿನಿಂದ ಗಾಢವಾಗಿ ತುಂಬಿ. ಎರಡು ವಾಹಕ ಫಲಕ, ನಡುವೆ ಅವಾಹಕ ಕಾಗದ. ಧಾರಕ ಸಿದ್ಧ! ಐದು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಚೌಕವಾದರೆ, ಸಾಮಾನ್ಯ ಬರೆಯುವ ಕಾಗದದಲ್ಲಿ ಸುಮಾರು ಅರ್ಧ ನ್ಯಾನೋಫ್ಯಾರಡ್‌ಗಿಂತ ತುಸು ಹೆಚ್ಚಿನ ಧಾರಕ ಸಿಗುತ್ತದೆ. ಪಿಯುಸಿ ಭೌತಶಾಸ್ತ್ರದ ಸೂತ್ರ ಗೊತ್ತಿರುವವರು ಕಾಗದದ ದಪ್ಪ 0.1 ಮಿಲಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು.

ಸೀಸವಿಲ್ಲದ ಸೀಸದ ಕಡ್ಡಿ

ಹಿರಿಯರು ಪೆನ್ಸಿಲನ್ನು 'ಸೀಸದ ಕಡ್ಡಿ' ಎನ್ನುತ್ತಿದ್ದರು. ಈಗಲೂ ಹಾಗೆನ್ನುವವರಿದ್ದಾರೆ. ನಿಜವಾಗಿ ಅದರಲ್ಲಿ ಸೀಸವೇ ಇಲ್ಲ. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಕಪ್ಪು ಖನಿಜವೊಂದು ಸಿಕ್ಕಾಗ ಜನ ಅದನ್ನು ಸೀಸದ ಒಂದು ಬಗೆ ಎಂದೇ ತಿಳಿದರು. ಹೆಸರು ಹಾಗೆಯೇ ಉಳಿಯಿತು. ಅದು ಗ್ರಾಫೈಟ್, ಅಂದರೆ ಶುದ್ಧ ಇಂಗಾಲ. 1795ರಲ್ಲಿ ಫ್ರಾನ್ಸಿನ ನಿಕೊಲಾ ಝಾಕ್ ಕೊಂತೆ ಎಂಬಾತ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನ ಕಂಡುಹಿಡಿದ. ಇಂದಿನ ಪೆನ್ಸಿಲ್ ತಯಾರಿಯ ಮೂಲ ಅದೇ.

ವಜ್ರವೂ ಇಂಗಾಲವೇ, ಗ್ರಾಫೈಟೂ ಇಂಗಾಲವೇ. ವಜ್ರದಲ್ಲಿ ಪ್ರತಿ ಇಂಗಾಲದ ಪರಮಾಣು ತನ್ನ ನಾಲ್ಕು ಇಲೆಕ್ಟ್ರಾನುಗಳನ್ನೂ ನೆರೆಯ ನಾಲ್ಕು ಪರಮಾಣುಗಳ ಜೊತೆ ಬಂಧಕ್ಕೆ ಕೊಟ್ಟುಬಿಡುತ್ತದೆ. ಅಲೆದಾಡಲು ಒಂದೂ ಉಳಿಯುವುದಿಲ್ಲ. ಆದ್ದರಿಂದ ವಜ್ರ ಅವಾಹಕ. ಗ್ರಾಫೈಟಿನಲ್ಲಿ ಪರಮಾಣುಗಳು ಜೇನುಗೂಡಿನಂತೆ ಆರು ಮೂಲೆಗಳ ಹಾಳೆಗಳಾಗಿ ಹರಡಿವೆ. ಪ್ರತಿ ಪರಮಾಣುವಿಗೆ ಮೂರೇ ನೆರೆಯವರು. ನಾಲ್ಕನೆಯ ಇಲೆಕ್ಟ್ರಾನು ಹಾಳೆಯ ಉದ್ದಕ್ಕೂ ಸಂಚರಿಸಬಲ್ಲದು. ವಿದ್ಯುತ್ತು ಹರಿಯಲು ಇದೇ ಕಾರಣ. ಈ ಹಾಳೆಗಳ ನಡುವಿನ ಅಂತರ 0.335 ನ್ಯಾನೋಮೀಟರ್. ಅವುಗಳ ನಡುವಿನ ಸೆಳೆತ ದುರ್ಬಲವಾದ್ದರಿಂದ ಕಾಗದಕ್ಕೆ ಉಜ್ಜಿದಾಗ ಪದರ ಪದರವಾಗಿ ಕಿತ್ತು ಬಂದು ನಾರುಗಳಿಗೆ ಅಂಟಿಕೊಳ್ಳುತ್ತವೆ. ಬರೆಯುವುದೆಂದರೆ ಇಷ್ಟೇ. ಇಂಥ ಒಂದೇ ಹಾಳೆಯನ್ನು 2004ರಲ್ಲಿ ಅಂಟುಪಟ್ಟಿಯಿಂದ ಎಬ್ಬಿಸಿ ಅಧ್ಯಯನ ಮಾಡಿದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಹಾಳೆಯ ಹೆಸರು ಗ್ರಾಫೀನ್.

ಪೆನ್ಸಿಲಿನ ಮೇಲೆ ಎಚ್‌ಬಿ, 2ಬಿ, 6ಬಿ ಎಂದು ಬರೆದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಎಚ್ ಹೆಚ್ಚಿದಷ್ಟೂ ಜೇಡಿಮಣ್ಣು ಹೆಚ್ಚು, ಗೆರೆ ತಿಳಿ. ಬಿ ಹೆಚ್ಚಿದಷ್ಟೂ ಗ್ರಾಫೈಟ್ ಹೆಚ್ಚು, ಗೆರೆ ಕಡುಗಪ್ಪು. ಜೇಡಿಮಣ್ಣು ಅವಾಹಕ. ಹಾಗಾಗಿ ವಿದ್ಯುತ್ತಿನ ಕೆಲಸಕ್ಕೆ 6ಬಿ, 8ಬಿ ಪೆನ್ಸಿಲ್‌ಗಳೇ ಲೇಸು. ಡ್ರಾಯಿಂಗ್ ಲೋವರ್, ಹೈಯರ್ ಪರೀಕ್ಷೆಗೆ ಕಟ್ಟಿದ ಮಕ್ಕಳ ಬಳಿ ಇವು ಇದ್ದೇ ಇರುತ್ತವೆ.

ಚೌಕ ಎಣಿಸುವ ಲೆಕ್ಕ

ಪೆನ್ಸಿಲ್ ಗೆರೆ ತಾಮ್ರದ ತಂತಿಯಲ್ಲ. ಅದರ ರೋಧ ಬಹಳ ಹೆಚ್ಚು. ಎಷ್ಟು ಎಂದು ತಿಳಿಯಲು ಎಂಜಿನಿಯರುಗಳು ಒಂದು ಸೊಗಸಾದ ಉಪಾಯ ಬಳಸುತ್ತಾರೆ. ತೆಳುವಾದ ಪದರದ ರೋಧವನ್ನು ಅವರು ಚೌಕಗಳಲ್ಲಿ ಎಣಿಸುತ್ತಾರೆ. ಒಂದೇ ಸಮನಾಗಿ ಬಳಿದ ಪದರದಲ್ಲಿ ಒಂದು ಸೆಂಟಿಮೀಟರಿನ ಚೌಕಕ್ಕೂ ಒಂದು ಮಿಲಿಮೀಟರಿನ ಚೌಕಕ್ಕೂ ರೋಧ ಒಂದೇ! ಚೌಕ ದೊಡ್ಡದಾದಾಗ ವಿದ್ಯುತ್ತು ಸಾಗಬೇಕಾದ ದಾರಿ ಉದ್ದವಾಗುತ್ತದೆ, ಆದರೆ ದಾರಿ ಅಷ್ಟೇ ಅಗಲವೂ ಆಗುತ್ತದೆ. ಒಂದಕ್ಕೊಂದು ಸರಿಹೋಗುತ್ತದೆ.

ಒತ್ತಿ ಬಳಿದ ಒಂದು ಚೌಕದ ರೋಧ 1,000 ಓಮ್ ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದದ ಪಟ್ಟಿಯಲ್ಲಿ ಮೂರು ಚೌಕ. ಹೋಗಲು ಒಂದು ಪಟ್ಟಿ, ಬರಲು ಒಂದು ಪಟ್ಟಿ. ಒಟ್ಟು ಆರು ಚೌಕ, 6,000 ಓಮ್. 9 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟನ್ನು ಕೆಂಪು ಎಲ್‌ಇಡಿ ಉಪಯೋಗಿಸಿಕೊಂಡರೆ ಉಳಿದದ್ದು 7 ವೋಲ್ಟ್. ಓಮನ ನಿಯಮದಂತೆ ಹರಿಯುವ ವಿದ್ಯುತ್ತು 1.2 ಮಿಲಿಆಂಪಿಯರಿನಷ್ಟು. ಎಲ್‌ಇಡಿ ಮಂದವಾಗಿ ಬೆಳಗಲು ಇದು ಸಾಕು. ಇನ್ನು ಅದೇ ಪೆನ್ಸಿಲಿನಿಂದ ಎರಡು ಮಿಲಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ಎರಡು ಗೆರೆ ಎಳೆದರೆ? ಒಂದೊಂದರಲ್ಲಿ 50 ಚೌಕ, ಒಟ್ಟು 100. ರೋಧ ಒಂದು ಲಕ್ಷ ಓಮ್, ವಿದ್ಯುತ್ತು 0.07 ಮಿಲಿಆಂಪಿಯರ್. ದೀಪ ಹತ್ತಿತೋ ಇಲ್ಲವೋ ಎಂದು ಕತ್ತಲೆಯಲ್ಲಿ ಹುಡುಕಬೇಕಾದೀತು. ಗೆರೆ ಅಗಲವಾಗಿರಲಿ, ಗಿಡ್ಡವಾಗಿರಲಿ ಎಂಬ ಸಲಹೆಯ ಹಿಂದಿರುವ ಗಣಿತ ಇದು.

ರೋಧ ಹೆಚ್ಚು ಎಂಬುದು ಯಾವಾಗಲೂ ದೋಷವೇ ಆಗಬೇಕಿಲ್ಲ. ಹಳೆಯ ರೇಡಿಯೋದ ಧ್ವನಿ ಹೆಚ್ಚು-ಕಡಿಮೆ ಮಾಡುವ ತಿರುಗುಣಿಯನ್ನು ಬಿಚ್ಚಿ ನೋಡಿದರೆ ಒಳಗೆ ಇಂಗಾಲದ ಒಂದು ಪಟ್ಟಿ ಕಾಣುತ್ತದೆ. ತಿರುಗಿಸಿದಂತೆ ಸ್ಪರ್ಶಬಿಂದು ಆ ಪಟ್ಟಿಯ ಮೇಲೆ ಸರಿದು ರೋಧ ಬದಲಾಗುತ್ತದೆ. ಪೆನ್ಸಿಲ್ ಪಟ್ಟಿಯ ಮೇಲೆ ಎಲ್‌ಇಡಿಯ ಒಂದು ಕಾಲನ್ನು ಸರಿಸಿದರೂ ಆಗುವುದು ಇದೇ. ಬೆಳಕು ಹೆಚ್ಚುತ್ತದೆ, ಕುಗ್ಗುತ್ತದೆ.

ಬೆಳ್ಳಿಯ ಶಾಯಿ ತುಂಬಿದ ಪೆನ್ನು

ಪೆನ್ಸಿಲ್ ಸಾಲದೆನಿಸಿದವರು ಪೆನ್ನಿನತ್ತ ತಿರುಗಿದರು. 2011ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಜೆನ್ನಿಫರ್ ಲೂಯಿಸ್ ಮತ್ತು ಜೆನ್ನಿಫರ್ ಬರ್ನ್‌ಹಾರ್ಡ್ ಅವರ ತಂಡ ಸಾಮಾನ್ಯ ರೋಲರ್‌ಬಾಲ್ ಪೆನ್ನಿನ ಶಾಯಿ ತೆಗೆದು ಬೆಳ್ಳಿಯ ಸೂಕ್ಷ್ಮ ಕಣಗಳಿರುವ ಶಾಯಿ ತುಂಬಿತು. ಕಣಗಳ ಗಾತ್ರ ಸುಮಾರು 400 ನ್ಯಾನೋಮೀಟರ್. ಬರೆದ ಗೆರೆ ಒಣಗಿದಾಗ ನೀರು ಹೋಗಿ ಕಣಗಳು ಒಂದಕ್ಕೊಂದು ತಾಗಿಕೊಳ್ಳುತ್ತವೆ, ಗೆರೆ ತಂತಿಯಾಗುತ್ತದೆ. ಕಾಗದ ಮಡಿಚಿದರೂ ಅದು ಕೆಲಸ ಮಾಡುತ್ತದೆ. ಕೊರಿಯಾದ ಹಳೆಯ ಚಿತ್ರವೊಂದನ್ನು ಆ ಪೆನ್ನಿನಿಂದ ನಕಲು ಮಾಡಿ, ಚಿತ್ರದಲ್ಲಿನ ಮನೆಗೆ ಎಲ್‌ಇಡಿ ಕೂರಿಸಿ ಬೆಳಗಿಸಿ ತೋರಿಸಿದರು. ಎರಡೇ ವರ್ಷದಲ್ಲಿ, 2013ರಲ್ಲಿ, ಅದೇ ವಿಶ್ವವಿದ್ಯಾನಿಲಯದಿಂದ ಹೊರಬಂದ ಕಂಪನಿಯೊಂದು 'ಸರ್ಕಿಟ್ ಸ್ಕ್ರೈಬ್' ಎಂಬ ಹೆಸರಿನಲ್ಲಿ ಮಕ್ಕಳಿಗೂ ಒಗ್ಗುವ ಬೆಳ್ಳಿ ಪೆನ್ನನ್ನು ಪರಿಚಯಿಸಿತು.

ಬೆಳ್ಳಿಯ ಶಾಯಿ ಎಂದರೆ ಕನ್ನಡಿಗರಿಗೆ ಇನ್ನೊಂದು ನೆನಪಾಗಬೇಕು. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಚುನಾವಣೆಯಿಂದ ಈ ಶಾಯಿಯನ್ನು ದೇಶಕ್ಕೆ ಒದಗಿಸುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನೊಂದಿಗೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ, ಬೆಳಕಿಗೆ ಕಪ್ಪಾಗುತ್ತದೆ. ಇಲಿನಾಯ್‌ನವರ ಶಾಯಿಗೂ ಮೂಲ ದ್ರವ್ಯ ಸಿಲ್ವರ್ ನೈಟ್ರೇಟೇ. ಹಾಗಾದರೆ ಮತದಾರರ ಬೆರಳಿನ ಗೆರೆ ತಂತಿಯೇಕೆ ಆಗುವುದಿಲ್ಲ? ಅಲ್ಲಿ ಬೆಳ್ಳಿ ಅಲ್ಪ ಪ್ರಮಾಣದಲ್ಲಿ ಚದುರಿಕೊಂಡಿದೆ; ಕಣ ಕಣವನ್ನು ತಾಗುತ್ತಿಲ್ಲ. ಬೆಳ್ಳಿ ಇದ್ದರೆ ಸಾಲದು, ಸರಪಳಿಯ ಕೊಂಡಿಗಳಂತೆ ಕಣಗಳು ಕೂಡಿರಬೇಕು. ಪೆನ್ಸಿಲ್ ಗೆರೆಗೂ ಅನ್ವಯಿಸುವ ನಿಯಮವಿದು. ತಿಳಿಯಾಗಿ ಎಳೆದ ಗೆರೆಯಲ್ಲಿ ವಿದ್ಯುತ್ತು ಹರಿಯದಿರಲು ಕಾರಣ ಕೊಂಡಿ ತಪ್ಪಿರುವುದೇ.

ಬೆಳ್ಳಿಯ ದೊಡ್ಡ ತೊಡಕು ಬೆಲೆ. ಆದ್ದರಿಂದ ಹುಡುಕಾಟ ಇಂಗಾಲದ ಸುತ್ತಲೂ ಮುಂದುವರಿಯಿತು. 2012ರಲ್ಲಿ ಅಮೆರಿಕದ ಎಂಐಟಿಯ ಕ್ಯಾಥರೀನ್ ಮಿರಿಕಾ, ತಿಮೊತಿ ಸ್ವೇಗರ್ ಮತ್ತು ಸಂಗಡಿಗರು ಇಂಗಾಲದ ನ್ಯಾನೋ ಕೊಳವೆಗಳನ್ನು ಒತ್ತಿ ಪೆನ್ಸಿಲಿನ ಕಡ್ಡಿ ಮಾಡಿದರು. ಅದರಿಂದ ಕಾಗದದ ಮೇಲೆ ಎಳೆದ ಗೆರೆ ಗಾಳಿಯಲ್ಲಿನ ಅಮೋನಿಯಾವನ್ನು ಪತ್ತೆ ಮಾಡಿತು. 2023ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಚುವಾನ್ ವಾಂಗ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ ಪೆನ್ನುಗಳಲ್ಲಿ ಬೇರೆ ಬೇರೆ ಶಾಯಿ ತುಂಬಿ, ಕಾಗದ ಹಾಗೂ ರಬ್ಬರಿನ ಮೇಲೆ ಬೆಳಕು ಕೊಡುವ ಎಲ್‌ಇಡಿಯನ್ನೇ ಬರೆದು ತೋರಿಸಿತು.

ಬಾಗಿದರೆ ಹೇಳುವ ಕಾಗದ

ಕಾಗದ ಬಾಗುತ್ತದೆ. ಬಾಗಿದಾಗ ಪೆನ್ಸಿಲ್ ಗೆರೆಯ ರೋಧ ಬದಲಾಗುತ್ತದೆ. ಗೆರೆ ಹೊರಮೈಗೆ ಬರುವಂತೆ ಬಗ್ಗಿಸಿದರೆ ಗ್ರಾಫೈಟ್ ಚೂರುಗಳು ಒಂದರಿಂದೊಂದು ಸರಿದು ರೋಧ ಏರುತ್ತದೆ. ಒಳಮೈಗೆ ಬರುವಂತೆ ಬಗ್ಗಿಸಿದರೆ ಚೂರುಗಳು ಒತ್ತಿಕೊಂಡು ರೋಧ ಇಳಿಯುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಜಿಯಾಕ್ಸಿಂಗ್ ಹುವಾಂಗ್ ಅವರ ಬಳಗ 2014ರಲ್ಲಿ ಇದನ್ನು ಅಳೆದು ಪ್ರಕಟಿಸಿತು. ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೆಂದರೆ, ಈ ಕೆಲಸ ಆರಂಭವಾದದ್ದು ತರಗತಿಯ ಒಂದು ಯೋಜನೆಯಾಗಿ. ಪಾಠದ ನಡುವೆ ಕೇಳಿದ ಪ್ರಶ್ನೆ ಅಂತರರಾಷ್ಟ್ರೀಯ ಪ್ರಬಂಧವಾಯಿತು.

2020ರಲ್ಲಿ ಮಿಸೌರಿ ವಿಶ್ವವಿದ್ಯಾನಿಲಯದ ಝೆಂಗ್ ಯಾನ್ ಅವರ ತಂಡ ಕಚೇರಿಯ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದ ಸಾಧನಗಳನ್ನು ಚರ್ಮಕ್ಕೆ ಅಂಟಿಸಿ ಮೈಯ ಉಷ್ಣತೆ, ಹೃದಯದ ವಿದ್ಯುತ್ ಸಂಕೇತ ಮೊದಲಾದವನ್ನು ಅಳೆಯಬಹುದೆಂದು ತೋರಿಸಿತು. ಶೇಕಡ 90ಕ್ಕಿಂತ ಹೆಚ್ಚು ಗ್ರಾಫೈಟ್ ಇರುವ ಪೆನ್ಸಿಲುಗಳು ಇದಕ್ಕೆ ಒದಗಿದವು. ಭಾರತದಲ್ಲೂ ಬಾಗುವ ವಿದ್ಯುನ್ಮಾನಕ್ಕೆಂದೇ ಐಐಟಿ ಕಾನ್ಪುರದಲ್ಲಿ ರಾಷ್ಟ್ರೀಯ ಕೇಂದ್ರವೊಂದಿದೆ. ಅಂದರೆ ಈ ಹಾದಿ ಆಟದ್ದಲ್ಲ; ಓದಿ ಮುಂದುವರಿಯಬಲ್ಲ ವಿಷಯ.

ಮಳೆಗಾಲದ ಪರೀಕ್ಷೆ

ಇಷ್ಟೆಲ್ಲ ಸರಿ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ಕಾಗದದ ಎಲೆಕ್ಟ್ರಾನಿಕ್ಸ್ ಬಾಳೀತೇ? ಆಟಿ ತಿಂಗಳಲ್ಲಿ ಪುಸ್ತಕದ ಹಾಳೆಯೇ ಮೆತ್ತಗಾಗುವ ಊರಿದು. ಕಾಗದ ನೀರನ್ನು ಹೀರುತ್ತದೆ, ನಾರುಗಳು ಉಬ್ಬುತ್ತವೆ, ಗ್ರಾಫೈಟ್ ಚೂರುಗಳ ಕೊಂಡಿ ಸಡಿಲಾಗುತ್ತದೆ. ಜೊತೆಗೆ ಒದ್ದೆ ಕಾಗದ ತಾನೇ ಅಲ್ಪಸ್ವಲ್ಪ ವಾಹಕವಾಗಿ ಎರಡು ಗೆರೆಗಳ ನಡುವೆ ವಿದ್ಯುತ್ತು ಸೋರುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ನಡೆದ ಪ್ರಯೋಗ ಜುಲೈಯಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ.

ಈ ದೋಷವನ್ನೇ ಗುಣ ಮಾಡಿಕೊಂಡವರಿದ್ದಾರೆ. ಹಾರ್ವರ್ಡಿನ ಫಿರಾತ್ ಗುಡೆರ್, ಜಾರ್ಜ್ ವೈಟ್‌ಸೈಡ್ಸ್ ಮತ್ತು ಸಂಗಡಿಗರು 2016ರಲ್ಲಿ ಕಾಗದದ ಮೇಲೆ ಗ್ರಾಫೈಟ್ ಶಾಯಿಯ ಎರಡು ವಿದ್ಯುದಗ್ರಗಳನ್ನು ಮುದ್ರಿಸಿ ಮುಖಕವಚದೊಳಗೆ ಇಟ್ಟರು. ಉಸಿರು ಬಿಟ್ಟಾಗ ತೇವ ಹೆಚ್ಚಿ ಕಾಗದದಲ್ಲಿ ಹೆಚ್ಚು ವಿದ್ಯುತ್ತು ಹರಿಯಿತು, ಎಳೆದುಕೊಂಡಾಗ ಕಡಿಮೆಯಾಯಿತು. ಉಸಿರಾಟದ ಲೆಕ್ಕವಿಡುವ ಉಪಕರಣ ಸಿದ್ಧವಾಯಿತು. ಇಲ್ಲಿ ಹರಿಯುವ ವಿದ್ಯುತ್ತು ತೀರ ಅತ್ಯಲ್ಪವಾದ್ದರಿಂದ ಶಾಲೆಯ ಮಲ್ಟಿಮೀಟರಿಗೆ ಅದು ಸುಲಭವಾಗಿ ಎಟಕದು. ಆದರೆ ಅಂಗಳದಲ್ಲಿ ಅಡಿಕೆ, ಕೊಬ್ಬರಿ ಒಣಗಿಸುವ ಮನೆಯ ಮಗುವಿಗೆ ತೇವ ಅಳೆಯುವ ಕಾಗದ ಎಂಬ ವಿಚಾರ ಹೊಳೆದರೆ ಅದಕ್ಕಿಂತ ಒಳ್ಳೆಯ ಯೋಜನೆ ಬೇರೆ ಬೇಕೆ? ಊರಿನ ಸಮಸ್ಯೆ ಊರಿನ ಮಗುವಿಗಲ್ಲದೆ ಯಾರಿಗೆ ಗೊತ್ತಾಗಬೇಕು?

ಮಾಡಿ ನೋಡಿ

ಬೇಕಾದ ಸಾಮಾನು: 6ಬಿ ಅಥವಾ 8ಬಿ ಪೆನ್ಸಿಲ್, ದಪ್ಪ ಡ್ರಾಯಿಂಗ್ ಹಾಳೆ, ಒಂದು ಕೆಂಪು ಎಲ್‌ಇಡಿ, 9 ವೋಲ್ಟಿನ ಬ್ಯಾಟರಿ, ಅಂಟುಪಟ್ಟಿ. ನೂರು ರೂಪಾಯಿಯೊಳಗೆ ಎಲ್ಲ ಮುಗಿಯುತ್ತದೆ. ಒಂದು ಸೆಂಟಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದದ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ, ನಡುವೆ ಅರ್ಧ ಸೆಂಟಿಮೀಟರ್ ಜಾಗ ಬಿಟ್ಟು ಬರೆಯಿರಿ. ಹೊಳಪು ಬರುವ ತನಕ ಮೂರು ನಾಲ್ಕು ಸಲ ಒತ್ತಿ ತುಂಬಿ. ಒಂದು ತುದಿಯಲ್ಲಿ ಎಲ್‌ಇಡಿಯ ಎರಡು ಕಾಲುಗಳನ್ನು ಅಗಲಿಸಿ, ಒಂದೊಂದು ಪಟ್ಟಿಗೆ ಒಂದರಂತೆ ಅಂಟುಪಟ್ಟಿಯಿಂದ ಗಟ್ಟಿಯಾಗಿ ಅದುಮಿ. ಇನ್ನೊಂದು ತುದಿಗೆ ಬ್ಯಾಟರಿಯ ಎರಡು ಧ್ರುವಗಳನ್ನು ತಾಗಿಸಿ. ಎಲ್‌ಇಡಿಯ ಉದ್ದದ ಕಾಲು ಧನ ಧ್ರುವದ ಕಡೆಗಿರಬೇಕು. ಉರಿಯದಿದ್ದರೆ ಕಾಲು ತಿರುಗಿಸಿ, ಪಟ್ಟಿಗೆ ಇನ್ನೊಂದು ಕೈ ಪೆನ್ಸಿಲ್ ಹಚ್ಚಿ.

ಇಷ್ಟಕ್ಕೇ ನಿಲ್ಲಬೇಡಿ. ಎಚ್‌ಬಿ, 2ಬಿ, 6ಬಿ ಪೆನ್ಸಿಲುಗಳಿಂದ ಒಂದೇ ಅಳತೆಯ ಪಟ್ಟಿ ಬರೆದು ಮಲ್ಟಿಮೀಟರಿನಿಂದ ರೋಧ ಅಳೆಯಿರಿ. ಅಗಲ ಇಮ್ಮಡಿಯಾದರೆ ಏನಾಗುತ್ತದೆ? ಉದ್ದ ಇಮ್ಮಡಿಯಾದರೆ? ಕಾಗದ ಬಾಗಿಸಿದರೆ? ಬಿಸಿಲಿನ ದಿನಕ್ಕೂ ಮಳೆಯ ದಿನಕ್ಕೂ ವ್ಯತ್ಯಾಸವೆಷ್ಟು? ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡಿ.

ಒಂದು ಎಚ್ಚರಿಕೆ. ಈ ಪ್ರಯೋಗಗಳೆಲ್ಲ ಬ್ಯಾಟರಿಯಿಂದ ಮಾತ್ರ. ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ಪೆನ್ಸಿಲನ್ನಾಗಲಿ ಕಾಗದವನ್ನಾಗಲಿ ಅದರ ಬಳಿ ಒಯ್ಯಲೇಬಾರದು. ಪೆನ್ಸಿಲಿನ ಕಡ್ಡಿ ವಾಹಕ ಎಂಬುದು ನೆನಪಿರಲಿ. ಎಲ್‌ಇಡಿಯನ್ನು ನೇರವಾಗಿ 9 ವೋಲ್ಟಿಗೆ ಜೋಡಿಸಿದರೆ ಸುಟ್ಟುಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿಗಳನ್ನು ಕೈಗೆಟಕುವಲ್ಲಿ ಇಡಬಾರದು. ನುಂಗಿದರೆ ಪ್ರಾಣಾಪಾಯ.

ಹೆತ್ತವರಿಗೆ ಎರಡು ಮಾತು

ಪೆನ್ಸಿಲ್ ಗೆರೆಯಿಂದ ಫ್ಯಾನು ತಿರುಗದು, ಮೊಬೈಲು ತಯಾರಾಗದು. ಮೊಬೈಲಿನ ಒಂದು ಚಿಪ್ಪಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಕೈಯಲ್ಲಿ ಬರೆದದ್ದು ಅದಕ್ಕೆ ಸರಿಸಾಟಿಯಲ್ಲ. ಒಮ್ಮೆ ಬಳಸಿ ಬಿಡುವ ಅಗ್ಗದ ಸಂವೇದಕಗಳಿಗೆ, ಕಲಿಕೆಗೆ ಮಾತ್ರ ಇದು ತಕ್ಕುದು. ಅಷ್ಟು ತಿಳಿದಿದ್ದರೆ ನಿರಾಸೆಯಿಲ್ಲ.

ಸರಕಾರದ ನೆರವೂ ಇದೆ. ನೀತಿ ಆಯೋಗ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯ ತನಕ ಅನುದಾನ ಸಿಗುತ್ತದೆ. ಆದರೆ ಎಲ್ಲ ಶಾಲೆಗಳೂ ಆಯ್ಕೆಯಾಗುವುದಿಲ್ಲ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ವಿದ್ಯಾರ್ಥಿಗಳ ಹೊಸ ವಿಚಾರಗಳನ್ನು ಶಾಲೆಯ ಮೂಲಕ ಕಳುಹಿಸಬಹುದು. ಆಯ್ಕೆಯಾದ ವಿಚಾರಕ್ಕೆ 10,000 ರೂಪಾಯಿ ದೊರೆಯುತ್ತದೆ. ಇಲ್ಲಿ ಕೇಳುವುದು ಯಂತ್ರವನ್ನಲ್ಲ, ವಿಚಾರವನ್ನು. ಶಾಲೆಯ ವಿಜ್ಞಾನ ಶಿಕ್ಷಕರನ್ನು ಈ ಬಗ್ಗೆ ವಿಚಾರಿಸುವುದಕ್ಕೆ ಹೆತ್ತವರು ಸಂಕೋಚಪಡಬೇಕಾಗಿಲ್ಲ.

ಪುತ್ತೂರಿನಲ್ಲಿದ್ದುಕೊಂಡೇ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ರಚಿಸಿದ ಜಿಲ್ಲೆ ಇದು. ದೊಡ್ಡ ನಗರವಿಲ್ಲದೆಯೂ ವಿಜ್ಞಾನ ಸಾಧ್ಯ ಎಂಬುದನ್ನು ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮುಂದಿನ ವಸ್ತುಪ್ರದರ್ಶನಕ್ಕೆ ಮಗು ಹಣ ಕೇಳಿದರೆ ಮೊದಲು ಒಂದು ಪ್ರಶ್ನೆ ಕೇಳಿ: 'ಇದರಲ್ಲಿ ನೀನು ಅಳೆದದ್ದು ಏನು?' ಕೊಂಡು ತಂದ ಮಾದರಿಗೆ ಉತ್ತರವಿರುವುದಿಲ್ಲ. ಮೋಟು ಪೆನ್ಸಿಲಿನಿಂದ ಹತ್ತು ಪಟ್ಟಿ ಬರೆದು, ಹತ್ತು ರೋಧ ಬರೆದಿಟ್ಟು, 'ಒಂಬತ್ತನೆಯದ್ದು ಮಾತ್ರ ಯಾಕೋ ಲೆಕ್ಕಕ್ಕೆ ಸಿಗಲಿಲ್ಲ' ಎಂದು ಹೇಳುವ ಮಗುವಿನ ಬಳಿ ಉತ್ತರವೂ ಇದೆ, ಮುಂದಿನ ಪ್ರಶ್ನೆಯೂ ಇದೆ.